ಕೋಳಿ ಚಿತ್ರದ ಚೀಲ

ಹುಣಸೆಹಣ್ಣು ಹಚ್ಚಿ ಪೂಜೆಯ ತಂಬಿಗೆ ತಿಕ್ಕುತ್ತಿದ್ದ ರುದ್ರಾಣಮ್ಮ ತಲೆ ಎತ್ತಿದಾಗ ಹಿತ್ತಲ ಬಾಗಿಲಲ್ಲಿ ತಿಮ್ಮಪ್ಪ ನಿಂತಿದ್ದ. ಅವನು ಆ ಮನೆಯ ಕಡೆಗೆ ಬಂದವನೇ ಅಲ್ಲ. ಆಲ್ದೂರಿನ ಬಸ್ ಸ್ಟ್ಯಾಂಡಿನ ಹಿಂದೆ ಅವಳ ನಾದಿನಿ ಅಂಜನಮ್ಮ ನಡೆಸುತ್ತಿದ್ದ ಮೆಸ್ಸಿನಲ್ಲಿ ನೀರು ಹೊತ್ತು, ಸೌದೆ ಸೀಳಿ, ಉಂಡ ಎಲೆ ಎತ್ತಿಕೊಂಡಿದ್ದವನು. ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದ.

“ಏನೋ ತಿಮ್ಮಪ್ಪ, ಬೆಳಬೆಳಗ್ಗೆ?”

“ಅಂಜನಕ್ಕ ಹೋಗ್ಬಿಟ್ರು ಅಮ್ಮ. ಪೂಜೆಗೆ ಕೂತೋರು ಏಳ್ಲಿಲ್ಲ. ಒಲೆ ಮೇಲೆ ಅನ್ನ ಸೀದ ವಾಸನೆ ಬಂತು, ಒಳಗೆ ಹೋಗಿ ನೋಡ್ದೆ. ಗೋಡೆಗೆ ಒರಗಿದ್ರು. ಲಿಂಗ ಕೈಯಲ್ಲೇ ಇತ್ತು.”

ರುದ್ರಾಣಮ್ಮ ತಂಬಿಗೆಯನ್ನು ತೊಳೆದು ಬೋರಲು ಹಾಕಿದಳು. ಕೈ ತೊಳೆದುಕೊಂಡಳು. ಆಮೇಲೆ ಗೋಡೆ ಹಿಡಿದುಕೊಂಡು ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಸ್ವಲ್ಪ ಹೊತ್ತಿಗೆ ಎದ್ದು ಗಂಡನಿಗೆ ಹೇಳಲು ಹೋದಳು.

ಜಯದೇವಪ್ಪ ಜಗಲಿಯಲ್ಲಿ ಯಾರೋ ತಂದಿದ್ದ ಕಾಳುಮೆಣಸನ್ನು ಅಂಗೈಯಲ್ಲಿ ಹರಡಿ ಹೊಟ್ಟು ಊದುತ್ತಿದ್ದ. ಮೂವತ್ತು ವರ್ಷದಿಂದ ಮೆಣಸು, ಏಲಕ್ಕಿ ವ್ಯಾಪಾರ. ಸುದ್ದಿ ಕೇಳಿ ಅಂಗೈ ಮುಚ್ಚಿದ. “ಎಲ್ಲಿ ಮಲಗ್ಸಿದಾರೆ?” ಎಂದಷ್ಟೇ ಕೇಳಿದ. ಎದ್ದು ಚಪ್ಪಲಿ ಮೆಟ್ಟಿ ಬೀದಿಗೆ ಇಳಿದ. ಮುಚ್ಚಿದ ಕೈ ಬಿಚ್ಚಲೇ ಇಲ್ಲ. ತಿರುವಿನ ತನಕ ರುದ್ರಾಣಮ್ಮ ಅದನ್ನೇ ನೋಡುತ್ತ ನಿಂತಳು.

ಅಣ್ಣನಾಗಿ ಮಾಡಬೇಕಾದ್ದರಲ್ಲಿ ಅವನು ಯಾವುದಕ್ಕೂ ಕಡಿಮೆ ಮಾಡಲಿಲ್ಲ. ತಂಗಿಯನ್ನು ಮನೆಗೆ ತರಿಸಿದ, ವಿಭೂತಿ ಹಚ್ಚಿಸಿ ಕೂರಿಸಿದ, ಅಪ್ಪ ಅವ್ವನ ಪಕ್ಕದಲ್ಲೇ ಸಮಾಧಿ ತೆಗೆಸಿದ, ಮೊದಲ ಹಿಡಿ ಮಣ್ಣನ್ನೂ ಬಿಲ್ವಪತ್ರೆಯನ್ನೂ ತಾನೇ ಹಾಕಿದ. ಊರವರು ಮೆಚ್ಚಿದರು. ಆದರೆ ಮೆಸ್ಸಿನ ಹೊಸ್ತಿಲನ್ನು ಅವನು ಆ ದಿನವೂ ದಾಟಿರಲಿಲ್ಲ. ಹೊರಗೆ ನಿಂತೇ ಹೆಣ ಎತ್ತಿಸಿದ್ದ. ಇದು ರುದ್ರಾಣಮ್ಮನಿಗೆ ತಿಮ್ಮಪ್ಪನಿಂದ ತಿಳಿಯಿತು.

ಅಣ್ಣ ತಂಗಿಯರ ನಡುವೆ ಬಂದದ್ದು ಒಂದು ಚೀಲ. ಗಂಡ ಸತ್ತ ಮೇಲೆ ತವರಿಗೆ ಬಂದ ಅಂಜನಮ್ಮ ಅಣ್ಣನ ಮನೆಯಲ್ಲಿ ಒಂದು ಮಳೆಗಾಲ ಕಳೆದಳು. ಮಳೆ ಬಿಟ್ಟೊಡನೆ, “ಕೂತು ಉಣ್ಣೋಕೆ ನಂಗಾಗಲ್ಲ ಅಣ್ಣಯ್ಯ,” ಎಂದು ಹೇಳಿ ಮೆಸ್ ತೆರೆದಳು. ಸಾಹುಕಾರರ ಮನೆಯ ಹೆಣ್ಣುಮಗಳು ಡ್ರೈವರುಗಳಿಗೆ, ಎಸ್ಟೇಟ್ ರೈಟರುಗಳಿಗೆ ಸೌಟು ಹಿಡಿಯುವುದೆಂದರೆ ಏನು? ಜಯದೇವಪ್ಪ ಮುಖ ಗಂಟು ಹಾಕಿಕೊಂಡನಾದರೂ ಹೋಗಿ ಬರುವುದನ್ನು ಬಿಟ್ಟಿರಲಿಲ್ಲ. ಭದ್ರಾವತಿ ಆಕಾಶವಾಣಿಯ ಮಹಿಳೆಯರ ಕಾರ್ಯಕ್ರಮದಲ್ಲಿ ಸೋಯಾ ಕಾಳಿನ ಗುಣ ಕೇಳಿದ ಅಂಜನಮ್ಮನಿಗೆ ಅದರಲ್ಲಿ ಅನ್ನಕ್ಕೆ ಕಲೆಸುವ ಮಂದನೆಯ ಗಸಿ ಮಾಡುವ ಹುಕಿ ಹುಟ್ಟಿತು. ಆಲ್ದೂರಿನ ದಿನಸಿ ಅಂಗಡಿಗಳಲ್ಲಿ ಆಗ ಆ ಕಾಳು ಎಲ್ಲಿತ್ತು? ಚಿಕ್ಕಮಗಳೂರಿನಲ್ಲಿ ಕೋಳಿ ಫಾರಮ್ಮಿಗೆ ಆಹಾರ ಮಾರುವವನ ಹತ್ತಿರ ಸಿಕ್ಕಿತು. ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದ ಚೀಲದ ಮೇಲೆ ಕೆಂಪು ಜುಟ್ಟಿನ ದೊಡ್ಡ ಕೋಳಿಯ ಚಿತ್ರ.

ಜಯದೇವಪ್ಪ ಮಗಳ ನಾಮಕರಣಕ್ಕೆ ತಂಗಿಯನ್ನು ಕರೆಯಲು ಹೋದದ್ದು ಮಾರನೆಯ ದಿನ. ಅಡಿಗೆಮನೆ ಬಾಗಿಲಿಗೆ ಒರಗಿಸಿದ್ದ ಚೀಲ ಕಂಡಿತು. ಒಳಗಿಂದ ಮಸಾಲೆಯ ಘಮ ಬಂತು. ಹೊಸ್ತಿಲಿನಿಂದಲೇ ತಿರುಗಿ ಬಂದವನು, “ಲಿಂಗ ಹಿಡಿದ ಕೈಯಲ್ಲಿ ಕೋಳಿ ಬೇಯಿಸ್ತಾಳೆ,” ಎಂದು ಸ್ನಾನಕ್ಕೆ ನೀರು ಹಾಕಿಸಿಕೊಂಡ. ಆ ಮಗು ಬೆಳೆದು ಮದುವೆಯಾಗಿ ಹೋದರೂ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಬಸ್ ಸ್ಟ್ಯಾಂಡಿನ ಆಚೆಗೆ ಕೆಲಸವಿದ್ದರೆ ಸಂತೆಮಾಳದ ಮೇಲೆ ಸುತ್ತಿ ಹೋಗುತ್ತಿದ್ದ.

ರುದ್ರಾಣಮ್ಮ ಸಂತೆಯ ದಿನ ಮೆಸ್ಸಿಗೆ ಹೋಗುತ್ತಿದ್ದಳು, ಉಣ್ಣುತ್ತಿದ್ದಳು. ಆ ಗಸಿಯಲ್ಲಿ ಏನಿದೆ ಏನಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. “ನಾನೇ ಹೇಳ್ತೀನಿ ಅವರಿಗೆ,” ಎಂದರೆ ಅಂಜನಮ್ಮ ಸೌಟು ತೋರಿಸುತ್ತಿದ್ದಳು.

“ಹೇಳಿದ್ರೆ ನನ್ನಾಣೆ ಅತ್ಗೆ. ಹುಟ್ಟಿದಾಗಿಂದ ನನ್ನ ನೋಡಿದೋನು. ಒಂದು ಚೀಲ ನೋಡಿ ತಿರುಗಿ ಹೋದ. ಅಣ್ಣಯ್ಯ ಬಂದು ಉಂಡು ನೋಡ್ಲಿ, ಆಮೇಲೆ ಕೇಳ್ಲಿ. ಕೇಳಿ ಉಣ್ಣೋರಿಗೆ ನಾನು ಬಡಿಸಲ್ಲ.”

“ಇಬ್ರೂ ಒಂದೇ ಹೊಟ್ಟೇಲಿ ಹುಟ್ಟಿದೋರು ಅಂತ ಗೊತ್ತಾಗುತ್ತೆ ಬಿಡು,” ಎಂದು ರುದ್ರಾಣಮ್ಮ ನಗುತ್ತಿದ್ದಳು. ಈಗ ಆ ಆಣೆ ಹಾಕಿದವಳೇ ಇಲ್ಲ.

ಅಂಜನಮ್ಮನ ಹೆಸರಿನಲ್ಲಿ ನಡೆಯಬೇಕಿದ್ದ ಶಿವಗಣಾರಾಧನೆಗೆ ಎರಡು ದಿನ ಇರುವಾಗ ಜಯದೇವಪ್ಪ ಜಗಲಿಯಲ್ಲಿ ಕುಳಿತು ಅಡಿಗೆ ನಿಶ್ಚಯಿಸಿದ. ಹೋಳಿಗೆ, ಗಸಗಸೆ ಪಾಯಸ, ಎರಡು ಪಲ್ಯ, ಕೋಸಂಬರಿ, ಚಿತ್ರಾನ್ನ. ಮದುವೆಯಾಗಿ ಕೊಪ್ಪದಲ್ಲಿದ್ದ ಮಗಳು ತನುಜಾ ಬಂದು ಕಂಬಕ್ಕೆ ಒರಗಿ ಕುಳಿತಿದ್ದಳು.

“ಎಡೆಗೆ ಅಂಜನ ಇಷ್ಟಪಡ್ತಿದ್ದದ್ದು ಇಡ್ಬೇಕಲ್ಲ,” ಎಂದಳು ರುದ್ರಾಣಮ್ಮ.

“ಹೋಳಿಗೆ ಇದೆಯಲ್ಲ.”

“ಅದು ನಿಮಗಿಷ್ಟ.”

ತನುಜಾ ನಗು ತಡೆಯಲಾರದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಜಯದೇವಪ್ಪ ಕನ್ನಡಕ ತೆಗೆದು ಹೆಂಡತಿಯನ್ನು ನೋಡಿದ.

“ಮೆಸ್ಸಿನ ಅಡಿಗೆ ಮಾತು ಎತ್ಬೇಡ. ಅಯ್ನೋರು ಉಣ್ಣೋ ಮನೆ ಇದು.”

ರುದ್ರಾಣಮ್ಮ ಎದ್ದಳು. ಚಪ್ಪಲಿ ಮೆಟ್ಟಿ, ಹಾಡುಹಗಲೇ, ಮುಂಬಾಗಿಲಿನಿಂದಲೇ ಮೆಸ್ಸಿಗೆ ಹೊರಟಳು. ತಿರುಗಿ ಬರುವಾಗ ಹಿಂದೆ ತಿಮ್ಮಪ್ಪ. ಅವನ ತಲೆಯ ಮೇಲೆ ಅಂಜನಮ್ಮ ಈಚೆಗೆ ತರಿಸಿ ಅರ್ಧ ಉಳಿದಿದ್ದ ಸೋಯಾ ಚೀಲ. “ಕೋಳಿ ಮುಂದಕ್ಕೆ ಕಾಣೋ ಹಾಗೆ ಇಟ್ಕೊಳೋ,” ಎಂದು ಅವಳೇ ಹೇಳಿದ್ದಳು. ಅಂಗಡಿ ಬೀದಿಯ ಉದ್ದಕ್ಕೂ ಜನ ನೋಡಿದರು. ಹೇರ್ ಕಟಿಂಗ್ ಅಂಗಡಿಯ ಬಸವರಾಜು, “ಏನ್ ರುದ್ರಾಣಮ್ಮ, ಫಾರಂ ಹಾಕ್ತೀರಾ?” ಎಂದ. “ಹೌದು ಮಾರಾಯ, ನೀನು ಮೊಟ್ಟೆ ಇಡೋಕೆ ಬಾ,” ಎಂದು ನಿಲ್ಲದೆ ನಡೆದಳು.

ಜಯದೇವಪ್ಪ ಚೀಲ ಕಂಡು ಎದ್ದು ನಿಂತ. “ಅದು ಒಳಗೆ ಬಂದ್ರೆ ನಾನು ಹೊರಗೆ.”

“ಒಳಗೆ ಯಾಕೆ, ಇಲ್ಲೇ ಬಿಚ್ಚಿಸ್ತೀನಿ.”

ರುದ್ರಾಣಮ್ಮ ಮೊರ ತಂದು ಅವನ ಕಾಲ ಬಳಿ ಇಟ್ಟಳು. ತಿಮ್ಮಪ್ಪ ಚೀಲ ಬಗ್ಗಿಸಿದ. ಹಳದಿ ಬಣ್ಣದ ಗುಂಡು ಕಾಳು ಸರ್ರನೆ ಸುರಿದು, ಕೆಲವು ಸಿಡಿದು ಜಗಲಿಯ ತುಂಬ ಉರುಳಿದವು. ಒಂದು ಜಯದೇವಪ್ಪನ ಪಾದಕ್ಕೆ ತಾಗಿ ನಿಂತಿತು. ಅವನು ಬಗ್ಗಿ ಅದನ್ನು ಎತ್ತಿ, ರೂಢಿಯಂತೆ ಎರಡು ಬೆರಳಲ್ಲಿ ಹೊರಳಿಸಿ ನೋಡಿದ. ಹಲ್ಲಿಗೆ ಇಟ್ಟು ಕಡಿದ. ಒಡೆದ ಬೇಳೆಯನ್ನು ಅಂಗೈಗೆ ಹಾಕಿಕೊಂಡು ನೋಡಿದ.

“ಇದೇನಾ ಆವಾಗಲೂ ಇದ್ದದ್ದು?” ಎಂದ, ಕೊನೆಗೆ.

“ಇದೇ.”

“ಕೋಳಿ ತಿನ್ನೋ ಕಾಳು,” ಎಂದ. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ, ಹಟ ಇತ್ತು. “ಏನೇ ಆಗ್ಲಿ, ಎಡೆಗೆ ಇದು ಬೇಡ ಅಂದ್ಮೇಲೆ ಬೇಡ.” ಹಾಗೆಂದವನು ಒಳಗೆ ಹೋಗಿ ದೇವರ ಕೋಣೆಯ ಬಾಗಿಲು ಹಾಕಿಕೊಂಡ.

ರುದ್ರಾಣಮ್ಮ ಕಾಳು ಆರಿಸಿ ನೆನೆಹಾಕಿದಳು.

ಆರಾಧನೆಯ ದಿನ ಹಿತ್ತಲ ಚಪ್ಪರದಲ್ಲಿ ಅಡಿಗೆಯವರು ಹೋಳಿಗೆ ತಟ್ಟುತ್ತಿದ್ದರೆ, ಅವಳು ಮಿಂದು ಮಡಿಯುಟ್ಟು ಒಳಗಿನ ಒಲೆಯ ಮುಂದೆ ಕುಳಿತಳು. ತನುಜಾ ನೆನೆದ ಕಾಳನ್ನು ನೀರಲ್ಲಿ ಉಜ್ಜಿದಳು. ಸಿಪ್ಪೆ ತೇಲಿ ಬಂತು, ಅದನ್ನು ಬಗ್ಗಿಸಿ ಚೆಲ್ಲಿದರು. ಮೊದಲ ಕುದಿಯ ನೀರನ್ನೂ ಚೆಲ್ಲಬೇಕು, ಇಲ್ಲದಿದ್ದರೆ ಹಸಿ ವಾಸನೆ ಹೋಗುವುದಿಲ್ಲ ಎಂದು ಅಂಜನಮ್ಮ ಹೇಳುತ್ತಿದ್ದಳು. ಎರಡನೆಯ ನೀರಲ್ಲಿ ಕಾಳು ಬೆರಳಿಗೆ ಬೆಣ್ಣೆಯಾಗುವ ತನಕ ಬೆಂದಿತು. ಕಾಯಿ, ಗೋಡಂಬಿ, ಗಸಗಸೆ, ಹುರಿದ ಕೊತ್ತಂಬರಿ, ಚೂರು ಚಕ್ಕೆ, ಶುಂಠಿ, ಹಸಿಮೆಣಸು, ಜೊತೆಗೆ ಒಂದು ಸೌಟು ಬೆಂದ ಕಾಳನ್ನೂ ಹಾಕಿ ಒರಳಲ್ಲಿ ನುಣ್ಣಗೆ ತಿರುವಿದಳು. ಈರುಳ್ಳಿ ಬೆಳ್ಳುಳ್ಳಿಯನ್ನು ಅಂಜನಮ್ಮ ಆ ಗಸಿಗೆ ಎಂದೂ ಹಾಕಿದವಳಲ್ಲ.

“ಕೆನೆ ಎಲ್ಲಿದೆ ಅವ್ವ?”

“ಅಲ್ಲೇ, ತುಪ್ಪಕ್ಕೆ ಕೂಡಿಟ್ಟಿರೋ ಪಾತ್ರೇಲಿ.”

“ಅದು ಅಪ್ಪಯ್ಯನ ಹೋಳಿಗೆ ತುಪ್ಪಕ್ಕಲ್ವಾ?”

“ಇವತ್ತು ಅವಳ ದಿನ. ಎಲ್ಲಾ ತಗೊಂಡ್ಬಾ.”

ಕುದಿಯುವಾಗ ಕೆನೆ ಹಾಕಿದರೆ ಒಡೆಯುತ್ತದೆ. ಪಾತ್ರೆ ಇಳಿಸಿ, ಕೈ ಸುಡದಷ್ಟು ಆರಲು ಬಿಟ್ಟು, ರುದ್ರಾಣಮ್ಮ ಕೆನೆಯನ್ನು ಕಡೆದು ಎಳೆಯೆಳೆಯಾಗಿ ಬಿಟ್ಟಳು. ಗಸಿಯ ಕಂದು ಬಣ್ಣ ತಿಳಿಯಾಗುತ್ತ ಬಂತು, ಗಸಿ ಮಂದವಾಗಿ ಸೌಟಿಗೆ ಹತ್ತಿತು. ಆ ಘಮಕ್ಕೆ ಸಂತೆಯ ದಿನದ ಮೆಸ್ಸು, ಒಲೆಯ ಮುಂದೆ ಬೆವರಿದ ಅಂಜನಮ್ಮನ ಕೆನ್ನೆ, “ಇನ್ನೊಂದು ಸೌಟು ಅತ್ಗೆ” ಎನ್ನುವ ದನಿ ಎಲ್ಲ ಬಂದು ನಿಂತವು. ಅವಳು ಮೊಳಕೈಯಿಂದ ಕಣ್ಣೊರೆಸಿಕೊಂಡಳು.

ಗದ್ದುಗೆಯ ಮೇಲೆ ಅಂಜನಮ್ಮನ ಪಟ, ಮುಂದೆ ಎಡೆ. ಹೋಳಿಗೆಯ ಪಕ್ಕದಲ್ಲಿ ರುದ್ರಾಣಮ್ಮ ಆ ಗಸಿಯನ್ನು ಬಡಿಸಿದಾಗ ಜಯದೇವಪ್ಪ ನೋಡಿದ. ನೆಂಟರು ನೆರೆದಿದ್ದರು, ಮುಖ ಆಚೆ ತಿರುಗಿಸಿಕೊಂಡ. ಮಠದ ರೇವಣಯ್ಯನವರ ಪಾದಪೂಜೆಯಾಯಿತು. ಅವರು ಲಿಂಗಕ್ಕೆ ಅರ್ಪಿಸಿ ಮೊದಲ ತುತ್ತು ತೆಗೆದುಕೊಂಡರು. ಗಸಿ ಕಲೆಸಿ ಉಂಡರು, ರುದ್ರಾಣಮ್ಮನ ಮುಖ ನೋಡಿದರು.

“ಇದೇನು ತಾಯಿ?”

“ಅಂಜನಂದು, ಅಯ್ನೋರೆ.”

“ಹಂಗಾದ್ರೆ ಇನ್ನೊಂದು ಸೌಟು ಹಾಕಿ,” ಎಂದರು.

ಆಮೇಲೆ ಪಂಕ್ತಿ ಕೂತಿತು. ಜಯದೇವಪ್ಪ ಎಂದಿನಂತೆ ಅಡ್ಡಣಿಗೆಯ ಮೇಲೆ ತನ್ನ ಕಂಚಿನ ತಟ್ಟೆ ಇಟ್ಟುಕೊಂಡಿದ್ದ. ಪ್ರಸಾದದ ವಿಷಯದಲ್ಲಿ ಅವನ ನಿಷ್ಠೆ ಊರಿಗೇ ಗೊತ್ತು. ಬಡಿಸಿದ್ದರಲ್ಲಿ ಅಗುಳೂ ಬಿಡುತ್ತಿರಲಿಲ್ಲ, ಉಂಡ ತಟ್ಟೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯುತ್ತಿದ್ದ. ಹಾಗಲಕಾಯಿ ಬಿಟ್ಟ ಅಳಿಯನನ್ನೇ ಒಮ್ಮೆ ಪಂಕ್ತಿಯಲ್ಲಿ ಏಳಗೊಡದೆ ಕೂರಿಸಿದ್ದ.

ರುದ್ರಾಣಮ್ಮ ಗಸಿಯ ಪಾತ್ರೆ ಹಿಡಿದು ಸಾಲಿನಲ್ಲಿ ಬಂದಳು. ಅವಳು ಎದುರು ಬರುತ್ತಿದ್ದಂತೆ ಅವನು ತಟ್ಟೆಗೆ ಅಂಗೈ ಅಡ್ಡ ಹಿಡಿದ.

“ನಂಗೆ ಬೇಡ.”

“ಕೈ ತೆಗೀರಿ.”

“ಬೇಡ ಅಂದೆ ಕಣೆ.”

“ಇದು ಪ್ರಸಾದ. ಅಯ್ನೋರು ಲಿಂಗಕ್ಕೆ ಕೊಟ್ಟಾಯ್ತು. ಬೇಡ ಅನ್ನೋದು ನಿಮ್ಮ ಮನೇಲಿ ಇಲ್ಲ. ಅದನ್ನ ನಂಗೆ ಕಲಿಸಿದೋರು ನೀವೇ.”

ಅಕ್ಕಪಕ್ಕದವರ ಕೈ ನಿಂತಿತು. ಅಳಿಯ ತಲೆ ತಗ್ಗಿಸಿ ಉಪ್ಪಿನಕಾಯಿ ನೋಡತೊಡಗಿದ. ರುದ್ರಾಣಮ್ಮ ತುಂಬಿದ ಸೌಟನ್ನು ಅವನ ಅಂಗೈಯ ಮೇಲೆಯೇ ಹಿಡಿದು ನಿಂತಳು. ಗಸಿಯ ಒಂದು ತೊಟ್ಟು ಅವನ ಬೆರಳ ಮೇಲೆ ಬಿತ್ತು. ಮದುವೆಯಾದಂದಿನಿಂದ ಅವನ ಮುಂದೆ ಹಾಗೆ ಅವಳು ನಿಂತದ್ದಿಲ್ಲ. ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡಳು, ಸರಿಯಲಿಲ್ಲ.

ಜಯದೇವಪ್ಪ ಕೈ ತೆಗೆದ.

ಗಸಿ ಅನ್ನದ ಮೇಲೆ ಬಿದ್ದು ಮೆಲ್ಲಗೆ ಹರಡಿತು. ಅವನು ಅದನ್ನೇ ನೋಡುತ್ತ ಕುಳಿತ.

“ಏನೇನು ಹಾಕಿದ್ದೀ ಇದಕ್ಕೆ?” ಎಂದ, ಅವಳಿಗೆ ಮಾತ್ರ ಕೇಳುವ ಹಾಗೆ.

“ಉಂಡು ನೋಡಿ. ಆಮೇಲೆ ಕೇಳಿ.”

ಆ ಮಾತು ಯಾರದೆಂದು ಅವನಿಗೆ ತಿಳಿಯುವ ಹಾಗಿರಲಿಲ್ಲ. ಆದರೂ ಒಮ್ಮೆ ಕತ್ತೆತ್ತಿ ಗದ್ದುಗೆಯ ಮೇಲಿನ ಪಟವನ್ನು ನೋಡಿದ. ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡ. ಕಲೆಸಿ ಒಂದು ತುತ್ತು ಬಾಯಿಗಿಟ್ಟ. ಅಗಿಯುವುದು ನಿಧಾನವಾಯಿತು. ಎರಡನೆಯ ತುತ್ತಿಗೆ ಅವನ ಮೂಗಿನ ತುದಿಯಿಂದ ಒಂದು ಹನಿ ತಟ್ಟೆಗೆ ಉದುರಿತು. ಖಾರಕ್ಕೆ ಇರಬೇಕು ಎಂದುಕೊಂಡು ಪಕ್ಕದವರು ನೀರಿನ ಲೋಟ ಸರಿಸಿದರು. ಅವನು ನೀರು ಮುಟ್ಟಲಿಲ್ಲ. ಹೋಳಿಗೆಯನ್ನು ಆಮೇಲೆ ನೋಡಿದರಾಯಿತು ಎಂಬಂತೆ ಬದಿಗೆ ಸರಿಸಿ, ಗಸಿ ಅನ್ನವನ್ನೇ ಉಂಡ.

ಪಂಕ್ತಿ ಎದ್ದು ಹೋದ ಮೇಲೂ ಅವನು ಒಬ್ಬನೇ ಕುಳಿತಿದ್ದ. ಕೊನೆಗೆ ತಟ್ಟೆಗೆ ನೀರು ಸುರಿದುಕೊಂಡು ಅಂಚಿನ ಸುತ್ತ ಬೆರಳಾಡಿಸಿದ. ಕೆನೆಯ ತೆಳು ಎಳೆಯೊಂದು ನೀರಲ್ಲಿ ಸುತ್ತಿ ಸುತ್ತಿ ಕರಗಿತು. ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಕುಡಿದು, ಅದನ್ನು ಬೋರಲು ಹಾಕದೆ ಹಾಗೆಯೇ ತೊಡೆಯ ಮೇಲೆ ಇಟ್ಟುಕೊಂಡ. ಏನು ಹಾಕಿದ್ದೀ ಎಂದು ಮತ್ತೆ ಕೇಳಲಿಲ್ಲ.

ರುದ್ರಾಣಮ್ಮ ಬರಿದಾದ ಪಾತ್ರೆಯನ್ನು ಗದ್ದುಗೆಯ ಪಕ್ಕ ಇಳಿಸಿ, ಸೆರಗು ಹೊದ್ದು, ಕೈ ಮುಗಿದಳು.

“ಶಿವನೇ, ನಮ್ಮ ಅಂಜನ ನಿನ್ನ ಪಾದಕ್ಕೆ ಬಂದಿದಾಳೆ. ಅವಳ ಜೀವ ತಣ್ಣಗಿರ್ಲಿ. ಅಲ್ಲೂ ಅವಳು ಒಲೆ ಹೂಡದೆ ಇರಲ್ಲ. ಏನು ಬಡಿಸಿದ್ರೂ, ನೀನಾದ್ರೂ ಕೇಳದೆ ಉಣ್ಣಪ್ಪ.”