ಸುಳ್ಳಮ್ಮ

ಬಸ್ಸಿನ ಸ್ಟೇರಿಂಗು ತಿರುಗಿಸಿ ಗಟ್ಟಿಯಾದ ಕೈ ಉದ್ದಣ್ಣನ ಕಾಲರನ್ನು ಹಿಡಿದೆತ್ತಿತ್ತು. ಕೈ ಸತ್ತವರ ತಮ್ಮನದು. ಚಿತಾಗಾರದ ಹಜಾರದಲ್ಲಿ ಕುರ್ಚಿಗಳು ದಡಬಡ ಸರಿದವು. ಬಿಳಿ ಬಟ್ಟೆ ಹೊದ್ದು ಮಲಗಿದ್ದ ಮೇಡಂ ಮುಖ ಮಾತ್ರ ಎಂದಿನಂತೆಯೇ ಇತ್ತು. ಯಾರೋ ಏನೋ ಹೇಳುತ್ತಿದ್ದಾರೆ, ಅದನ್ನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ ಎಂಬಂತೆ.

"ಏನಂದೆ ನಮ್ಮಕ್ಕನ್ನ? ಇನ್ನೊಂದ್ಸಲ ಅನ್ನು ನೋಡೋಣ."

ಉದ್ದಣ್ಣ ಮೇಡಂ ಬಳಿ ಸಂಶೋಧನೆ ಮಾಡುತ್ತಿದ್ದವನು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಇಲಿಯಷ್ಟು ಧೈರ್ಯ. ಪಕ್ಕದವಳ ಕಿವಿಯಲ್ಲಿ, ನಮ್ಮ ಸುಳ್ಳಮ್ಮ ಹೋಗಿಬಿಟ್ಟರು ಎಂದಿದ್ದ, ಅಷ್ಟೇ. ಪ್ರಯೋಗಾಲಯದ ಗುಂಪಿನವರು ಮೇಡಂ ಬೆನ್ನ ಹಿಂದೆ ಇಟ್ಟುಕೊಂಡಿದ್ದ ಹೆಸರು. ಬೀಳಬಾರದ ದಿನ ಬೀಳಬಾರದ ಕಿವಿಗೆ ಬಿದ್ದಿತ್ತು.

ಆ ಪಕ್ಕದವಳೇ ಪುಟ್ಟಿ, ಮೇಡಂ ಅವರ ಕೊನೆಯ ವಿದ್ಯಾರ್ಥಿನಿ. ಅತ್ತು ಅತ್ತು ಮೂಗು ಕೆಂಪಾಗಿದ್ದ ಅವಳು ಇಬ್ಬರ ನಡುವೆ ನುಗ್ಗಿದಳು.

"ಬಿಡಿ ಮಾಮ, ಅದು ಬೈಗುಳ ಅಲ್ಲ. ಅವರು ಸುಳ್ಳು ಹೇಳ್ತಿದ್ರು ಅಂತಲ್ಲ. ನಾವು ತಂದಿದ್ದನ್ನೆಲ್ಲ ಸುಳ್ಳು ಅಂತಿದ್ರು."

"ಎರಡಕ್ಕೂ ಏನಮ್ಮ ವ್ಯತ್ಯಾಸ?" ಎಂದ ಆತ. ಕಾಲರು ಇನ್ನೂ ಕೈಯಲ್ಲೇ ಇತ್ತು.

*

ಮೇಡಂ ಅವರ ಗುಂಪು ಫಿಲ್ಮ್ ಮಾಡುತ್ತಿತ್ತು. ಫಿಲ್ಮ್ ಎಂದರೆ ಸಿನಿಮಾ ಅಲ್ಲ. ಗಾಜಿನಂಥ ಬಿಲ್ಲೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಕೂರಿಸಿದ ಪದರ. ಕೆಲವು ಪದರಗಳಿಗೆ ನೆನಪಿರುತ್ತದೆ. ವಿದ್ಯುತ್ತು ಕೊಟ್ಟು ತೆಗೆದ ಮೇಲೂ ಕೊಟ್ಟದ್ದನ್ನು ಮರೆಯುವುದಿಲ್ಲ. ವೋಲ್ಟೇಜು ಏರಿಸುವಾಗ ಪರದೆಯ ಮೇಲೆ ಒಂದು ಗೆರೆ ಮೂಡುತ್ತದೆ, ಇಳಿಸುವಾಗ ಇನ್ನೊಂದು. ಎರಡರ ನಡುವಿನ ಜಾಗವೇ ನೆನಪು. ಅಂಥದ್ದು ಸಿಕ್ಕರೆ ಕಂಪ್ಯೂಟರಿಗೆ ಹೊಸ ಮೆಮೊರಿ ಸಿಕ್ಕಿತು ಎಂದು ಲೋಕ ಕುಣಿಯುತ್ತದೆ.

ಮೇಡಂ ಆಗಷ್ಟೇ ಕೆಲಸಕ್ಕೆ ಸೇರಿದ್ದಾಗ ಅವರು ಮಾಡಿದ ಪದರವೊಂದಕ್ಕೆ ಲೋಕ ಹಾಗೇ ಕುಣಿದಿತ್ತು. ಆಮೇಲೊಂದು ಮಳೆಯ ದಿನ ಯಾರೋ ಪ್ರಯೋಗಾಲಯದ ಕಿಟಕಿ ಮುಚ್ಚುವುದನ್ನು ಮರೆತರು. ಗೆರೆಗಳ ನಡುವಿನ ಜಾಗ ದುಪ್ಪಟ್ಟಾಯಿತು. ಉಳಿದವರು ಚಪ್ಪಾಳೆ ತಟ್ಟಿದರು, ಮೇಡಂಗೆ ಅನ್ನ ಸೇರಲಿಲ್ಲ. ಪದರವನ್ನು ಉಕ್ಕಿನ ಡಬ್ಬಿಯಲ್ಲಿಟ್ಟು, ಪಂಪು ಹಾಕಿ ಗಾಳಿಯನ್ನೆಲ್ಲ ಎಳೆದು, ಮೆಲ್ಲಗೆ ಬಿಸಿ ಮಾಡಿದರು. ಎರಡು ಗೆರೆ ಒಂದಾಯಿತು. ನೆನಪಿದ್ದದ್ದು ಪದರಕ್ಕಲ್ಲ, ಅದರ ಮೇಲೆ ಕೂತ ತೇವಕ್ಕೆ.

ತಮ್ಮನ್ನು ಹೊಗಳಿದ್ದ ಸಭೆಗೇ ಮರುವರ್ಷ ಹೋದರು. "ಹೋದ ಸಲ ನಾನು ನಿಮಗೆ ತೋರಿಸಿದ್ದು ಬರೀ ನೀರು," ಎಂದು ಹೇಳಿ ಇಳಿದರು. ಆ ಮೊದಲಿನ ಲೇಖನದಲ್ಲಿ ಜೊತೆಗಾರರೊಬ್ಬರ ಹೆಸರೂ ಇತ್ತು. ಅವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಏಳಲಿಲ್ಲ. ಈಗ ಅವರು ವಿಭಾಗದ ಮುಖ್ಯಸ್ಥರು.

ಅಂದಿನಿಂದ ಮೇಡಂ ಬೆಳಿಗ್ಗೆ ಒಳಗೆ ಕಾಲಿಡುತ್ತಲೇ, "ಏನ್ರಪ್ಪಾ, ಇವತ್ತಿನ ಸುಳ್ಳು?" ಎನ್ನುತ್ತಿದ್ದರು. ಒಬ್ಬರು ಒಳ್ಳೆಯ ಫಲಿತಾಂಶ ತಂದರೆ ಇನ್ನೊಬ್ಬರು ಅದನ್ನು ಕೆಡವಲು ಕೂರಬೇಕು. ಗಾಳಿ ತೆಗೆ, ಕಾಯಿಸು, ತಂತಿ ಬದಲಿಸು. ಎಲ್ಲ ತಡೆದುಕೊಂಡರೆ, "ಹೂಂ, ಸುಳ್ಳಲ್ಲ," ಎನ್ನುವರು. ನಿಜ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ.

*

ಮೇಡಂ ಅವರ ತಮ್ಮ ಉದ್ದಣ್ಣನ ಕಾಲರು ಬಿಟ್ಟ. ಅದನ್ನು ಸರಿಪಡಿಸಿಯೂ ಕೊಟ್ಟ.

"ಮನೇಲೂ ಅದೇ ಕತೆ. ಮದುವೆ ಆಗ್ತೀನಿ ಕಣೇ ಅಕ್ಕ ಅಂದ್ರೆ, ಒಂದು ವಾರ ಬಿಟ್ಟು ಇದೇ ಮಾತು ಹೇಳು ನೋಡೋಣ ಅಂದಿದ್ಲು." ನಕ್ಕ. ನಗು ಅರ್ಧಕ್ಕೆ ಕೆಟ್ಟು ಅಳುವಾಯಿತು.

ಮುಖ್ಯಸ್ಥರು ಎದ್ದು ನಿಂತು ಎರಡು ಮಾತಾಡಿದರು. ಮೇಡಂ ಅವರ ಕೊನೆಯ ಕೊಡುಗೆ ಸಿದ್ಧವಿದೆ, ಪುಟ್ಟಿ ಮಾಡಿದ ಹೊಸ ಪದರಕ್ಕೆ ಅದ್ಭುತವಾದ ನೆನಪಿದೆ, ಲೇಖನ ಮೇಡಂ ಹೆಸರಿನಲ್ಲಿ ನಾಳೆಯೇ ಹೋಗುತ್ತದೆ ಎಂದರು. ಎಲ್ಲರೂ ತಲೆಯಾಡಿಸಿದರು. ಪುಟ್ಟಿಯ ವಿದ್ಯಾರ್ಥಿವೇತನ ಈ ತಿಂಗಳಿಗೆ ಮುಗಿಯುತ್ತಿತ್ತು. ಲೇಖನ ಹೋದರೆ ಪದವಿ, ಇಲ್ಲವಾದರೆ ಗಂಟುಮೂಟೆ.

ಕುಲುಮೆಯ ಬಾಗಿಲು ಇಳಿಯಿತು. ಒಳಗೆ ಎಷ್ಟು ಡಿಗ್ರಿ ಎಂದು ಕೆಲಸದವನನ್ನು ಕೇಳಿ ಉದ್ದಣ್ಣ ಬಂದ. ಅಳೆದವರು ಯಾರು ಅಂತ ಮೇಡಂ ಕೇಳ್ತಿದ್ರು ಎಂದು ತನ್ನಷ್ಟಕ್ಕೇ ಗೊಣಗಿದ.

ಪುಟ್ಟಿಯ ಪಕ್ಕ ತಮ್ಮ ಬಂದು ಕೂತ. "ನಿನ್ನ ಸುಳ್ಳನ್ನ ಅಕ್ಕ ಏನಂದ್ಲಮ್ಮ?"

"ನೋಡ್ಲೇ ಇಲ್ಲ ಮಾಮ. ತೋರಿಸ್ಬೇಕು ಅನ್ನೋ ಹೊತ್ತಿಗೆ..."

"ಕೆಡವೋಕೆ ಯಾರು ಕೂತಿದ್ರು?"

ಬೇಕೆಂದು ಕೇಳಿದ ಪ್ರಶ್ನೆಯಲ್ಲ. ಅಕ್ಕನ ಬಗ್ಗೆ ಇನ್ನೊಂದು ಮಾತು ಕೇಳುವ ಆಸೆ ಅಷ್ಟೇ. ಯಾರೂ ಕೂತಿರಲಿಲ್ಲ. ಪುಟ್ಟಿ ಎದ್ದು ನೇರ ಮುಖ್ಯಸ್ಥರ ಹತ್ತಿರ ಹೋದಳು.

"ಸರ್, ಗಾಳಿ ತೆಗೆದು ನೋಡಿಲ್ಲ."

ಅವರು ಧ್ವನಿ ತಗ್ಗಿಸಿದರು. "ಬೇಡಮ್ಮ. ಅದು ಬಿದ್ರೆ ಅವರ ಕೊನೇ ಹೆಸರೂ ಹೋಯ್ತು, ನಿನ್ನ ಪದವೀನೂ ಹೋಯ್ತು."

"ನಂದು ಹೋಗ್ಲಿ ಸರ್. ಅವರ ಹೆಸರಲ್ಲಿ ನೀರು ಕಳಿಸೋಕೆ ನನ್ನ ಕೈಲಾಗಲ್ಲ."

*

ಮಧ್ಯಾಹ್ನ ಪ್ರಯೋಗಾಲಯದಲ್ಲಿ ಪಂಪು ಕೆಮ್ಮುತ್ತಿತ್ತು. ಉದ್ದಣ್ಣ ವೋಲ್ಟೇಜು ನೋಡಿಕೊಂಡ. ಅಕ್ಕನ ಸಾಮಾನು ಒಯ್ಯಲು ಬಂದಿದ್ದ ತಮ್ಮ ಕೈಕಟ್ಟಿ ನಿಂತ. ಮುಖ್ಯಸ್ಥರು ಬಾಗಿಲಿನ ಹೊರಗೂ ಅಲ್ಲ, ಒಳಗೂ ಅಲ್ಲ.

ಪರದೆಯ ಮೇಲೆ ಗೆರೆಗಳು ದೂರ ದೂರ ಇದ್ದವು. ಬಿಸಿ ಏರಿದಂತೆ ಹತ್ತಿರ ಬಂದವು. ಒಂದರ ಮೇಲೊಂದು ಕೂತವು.

"ಹೋಯ್ತಾ?" ಎಂದ ತಮ್ಮ.

"ಹೋಯ್ತು ಮಾಮ. ನೀರು."

ಮುಖ್ಯಸ್ಥರು ಹೊರಡಲು ತಿರುಗಿದರು. ಪುಟ್ಟಿ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ಪದರ ತಣಿದ ಮೇಲೆ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿದಳು. ಹೊರಗಿನ ತೇವದ ಗಾಳಿ ಸುಯ್ಯೆಂದು ಒಳಗಿಳಿಯಿತು. ಒಂದಾಗಿದ್ದ ಗೆರೆ ನಡುವೆ ಸಣ್ಣಗೆ ಬಿರಿಯಿತು, ನಿದ್ದೆಯಲ್ಲಿ ತುಟಿ ಬಿಡುವಂತೆ. ಮತ್ತಷ್ಟು ಗಾಳಿ, ಮತ್ತಷ್ಟು ಬಾಯಿ.

ಮುಖ್ಯಸ್ಥರು ಹಿಂದಕ್ಕೆ ಬಂದರು. ಸ್ಟೂಲು ಎಳೆದು, ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿದರು.

"ತೇವ ಅಳೆಯೋಕೆ ಬರುತ್ತಲ್ಲಮ್ಮ ಇದು! ಎಷ್ಟು ತೇವಕ್ಕೆ ಎಷ್ಟು ಬಿಡುತ್ತೆ?"

ಪುಟ್ಟಿ ಆಗಲೇ ಇದನ್ನೂ ಕೆಡವಿ ನೋಡಲು ವಾಲ್ವು ಮುಚ್ಚಿ ಮತ್ತೆ ಪಂಪು ಹಾಕಿದ್ದಳು. ನಾಲ್ಕು ತಲೆಗಳ ಮುಂದೆ, ಹಸಿರು ಬೆಳಕಿನಲ್ಲಿ, ತೆರೆದ ಬಾಯಿ ನಿಧಾನಕ್ಕೆ ಮುಚ್ಚಿಕೊಳ್ಳತೊಡಗಿತು.