ಕೊಳೆಕೋಣೆಯ ಪಾಳಿ

ಇವತ್ತಿನ ಮೀಟಿಂಗಿನಲ್ಲಿ ಲಾಂಡ್ರಿಯ ಮಾರಾಟಕ್ಕೇ ಕೈ ಎತ್ತಿಬಿಡುವುದು ಎಂದು ಇಸ್ತ್ರಿಯಕ್ಕ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ತೀರ್ಮಾನಿಸಿದ್ದಳು. ಸೊಂಟ ಕಟಕ್ಕೆಂದಿತ್ತು. ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಜೀವ ಹಣ್ಣಾಗಿತ್ತು.

"ಸಾಕಾಯ್ತು ಕಣೇ," ಎಂದಳು, ಚಹಾ ಸೋಸುತ್ತಿದ್ದ ತಂಗಿಗೆ. "ಆ ಕಂಪನಿಯವರು ತಗೊಳ್ಲಿ. ನಡೆಸ್ಕೊಳ್ಲಿ."

"ಲಾಂಡ್ರಿ ನಮ್ದು ನಮ್ದು ಅಂತ ಊರೆಲ್ಲ ಸಾರ್ಕೊಂಡು ಬಂದೋಳು ನೀನೇ ಅಲ್ವಾ ಅಕ್ಕಾ?"

"ಆಗ ಬೆನ್ನಿತ್ತು. ಈ ಸಮಾಜವಾದಕ್ಕೆ ಒಳ್ಳೆ ಬೆನ್ನು ಬೇಕು."

ತಂಗಿ ನಗಲಿಲ್ಲ. ಅವಳಿಗೆ ಹೊತ್ತಾಗಿತ್ತು. ದೊಡ್ಡ ಕಚೇರಿಯೊಂದರಲ್ಲಿ ಗುತ್ತಿಗೆಯ ಮೇಲೆ ನೆಲ ಒರೆಸುವ ಕೆಲಸ ಅವಳದು. ಅಲ್ಲಿ ಊಟಕ್ಕೆ ಕೂರಲು ಒಂದು ಮೂಲೆಯೂ ಇಲ್ಲ. ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುತ್ತಾಳೆ. ಯಾರಾದರೂ ಹತ್ತಿ ಬಂದರೆ ಡಬ್ಬಿ ಹಿಡಿದು ಎದ್ದು ನಿಲ್ಲುತ್ತಾಳೆ. ಹಿಂದಿನ ರಾತ್ರಿ ಇದನ್ನು ಹೇಳಿಕೊಂಡು ನಗಾಡಿದ್ದಳು, ಪಾಪ.

ಲಾಂಡ್ರಿಯ ಕಥೆ ಹೀಗೆ. ಊರಿನ ಆಸ್ಪತ್ರೆಗಳ ಹಾಸುಬಟ್ಟೆ, ಹೊದಿಕೆ, ನಿಲುವಂಗಿ ಎಲ್ಲ ಅಲ್ಲಿಗೇ ಬರುತ್ತಿದ್ದವು. ಕೆಲವು ವರ್ಷಗಳ ಹಿಂದೆ ಮಾಲೀಕರು ನಷ್ಟ ಎಂದು ಹೇಳಿ ಬೀಗ ಜಡಿದು ಹೋದರು. ಕೆಲಸಗಾರರು ಗೇಟಿನ ಮುಂದೆ ಕೂತರು, ಕೋರ್ಟು ಹತ್ತಿದರು, ಸಹಕಾರ ಸಂಘ ಮಾಡಿಕೊಂಡು ಬೀಗ ತೆಗೆಸಿದರು. ಅಂದಿನಿಂದ ಎಲ್ಲರೂ ಮಾಲೀಕರು, ಎಲ್ಲರಿಗೂ ಒಂದೊಂದೇ ವೋಟು. ಹೇಳುವುದಕ್ಕೆ ಸೊಗಸು. ನಡೆಸುವವರಿಗೆ ಗೊತ್ತು ಅದರ ಕಷ್ಟ! ಸೋಪಿಗೂ ಮೀಟಿಂಗು, ರಜೆಗೂ ಮೀಟಿಂಗು, ಮೀಟಿಂಗು ಯಾವಾಗ ಎನ್ನುವುದಕ್ಕೂ ಮೀಟಿಂಗು. ಈಗ ಕಂಪನಿಯೊಂದು ಲಾಂಡ್ರಿಯನ್ನು ಕೊಳ್ಳುತ್ತೇವೆ ಎಂದು ಮುಂದೆ ಬಂದಿತ್ತು.

ಅಲ್ಲಿನ ಅತಿ ಕೆಟ್ಟ ಕೆಲಸ ಕೊಳೆಕೋಣೆಯದು. ಬಂದ ಮೂಟೆ ಬಿಚ್ಚಿ, ರಕ್ತದ್ದು, ವಾಂತಿಯದು, ಬರೀ ಬೆವರಿನದು ಎಂದು ಬೇರೆ ಮಾಡಬೇಕು. ಬಟ್ಟೆಯ ಮಡಿಕೆಯಲ್ಲಿ ಮರೆತ ಸೂಜಿ ಇರುತ್ತದೆ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಸಿಕ್ಕಿತ್ತು. ಇದನ್ನು ಒಬ್ಬರ ತಲೆಗೇ ಕಟ್ಟಬಾರದು, ಎಲ್ಲರೂ ಪಾಳಿಯಂತೆ ಮಾಡಬೇಕು, ಯಾರಿಗೂ ವಿನಾಯಿತಿ ಇಲ್ಲ ಎಂಬ ನಿಯಮ ಹಾಕಿಸಿದವಳೇ ಇಸ್ತ್ರಿಯಕ್ಕ. ಪಾಳಿಯಲ್ಲಿದ್ದವರು ಕೆಲಸ ಬಿಟ್ಟು ಬರಲಾಗದು, ಆದ್ದರಿಂದ ಮೀಟಿಂಗೂ ಆ ಕೋಣೆಯಲ್ಲೇ ನಡೆಯಬೇಕು ಎಂದವಳೂ ಅವಳೇ. ಆ ನಾತದಲ್ಲಿ ಯಾರೂ ಉದ್ದುದ್ದ ಭಾಷಣ ಬಿಗಿಯುವುದಿಲ್ಲ ಎನ್ನುವುದು ಆಮೇಲೆ ಗೊತ್ತಾದ ಲಾಭ.

ಈ ವಾರದ ಪಾಳಿ ಅವಳದೇ. ಹಾಗಾಗಿ ಕಂಪನಿಯವನು ಬಂದಾಗ ಅವಳು ಕೈಗವಸು ಹಾಕಿಕೊಂಡು ಮೂಟೆಯ ಮುಂದೆ ಬಗ್ಗಿದ್ದಳು. ಆತ ಬಾಗಿಲಲ್ಲೇ ನಿಂತು ಕರ್ಚೀಫು ಮೂಗಿಗೆ ಒತ್ತಿಕೊಂಡ.

"ಆಫೀಸಲ್ಲಿ ಕೂತು ಮಾತಾಡೋಣ್ವಾ?"

"ನಮ್ಮ ಆಫೀಸು ಇದೇ ಸಾರ್, ಬನ್ನಿ ಬನ್ನಿ," ಎಂದ ಗಾಡಿಯಣ್ಣ. ಬಟ್ಟೆಯ ವ್ಯಾನು ಓಡಿಸುವ ಅವನೇ ಆ ತಿಂಗಳ ಅಧ್ಯಕ್ಷ. ಎಲ್ಲರೂ ಕಿಸಕ್ಕನೆ ನಕ್ಕರು.

ಆತ ಕೆಟ್ಟವನೇನಲ್ಲ. ಮೆಲ್ಲಗೆ, ನಯವಾಗಿ ಮಾತಾಡಿದ. ಹೊಸ ಯಂತ್ರ ಬರುತ್ತದೆ, ಯಾರನ್ನೂ ತೆಗೆಯುವುದಿಲ್ಲ. "ಅಕ್ಕನಂಥ ಅನುಭವಸ್ಥರನ್ನ ಕುರ್ಚಿ ಹಾಕಿ ಕೂರಿಸ್ತೀವಿ. ಮೇಲ್ವಿಚಾರಣೆ ಅಷ್ಟೇ. ಈ ಕೋಣೆಗೆ ಇನ್ಮೇಲೆ ನೀವ್ಯಾರೂ ಕಾಲಿಡೋದೇ ಬೇಡ."

ಕುರ್ಚಿ ಎಂಬ ಮಾತಿಗೆ ಇಸ್ತ್ರಿಯಕ್ಕನ ಸೊಂಟವೇ ಹೂಂಗುಟ್ಟಿದಂತಾಯಿತು. ಮಡಿಕೆಯಕ್ಕನಂತೂ ಈಗಲೇ ಕೈ ಎತ್ತುವವಳಂತೆ ಸೆರಗು ಸರಿಮಾಡಿಕೊಂಡಳು. ಬಟ್ಟೆ ಮಡಿಸುವ ಅವಳಿಗೂ ಇಸ್ತ್ರಿಯಕ್ಕನಿಗೂ ಎಣ್ಣೆ ಸೀಗೇಕಾಯಿ. ಈ ಒಂದು ವಿಷಯದಲ್ಲಾದರೂ ಇಬ್ಬರೂ ಒಂದಾಗುವ ಹಾಗಿತ್ತು.

"ಮತ್ತೆ ಈ ಕೆಲಸ ಯಾರು ಮಾಡ್ತಾರೆ?" ಎಂದು ಇಸ್ತ್ರಿಯಕ್ಕ ಕೇಳಿದಳು. ಸಿಕ್ಕಿಹಾಕಿಸಬೇಕೆಂದು ಕೇಳಿದ್ದಲ್ಲ, ಮನಸ್ಸಿಗೆ ಸಮಾಧಾನವಾಗಲಿ ಎಂದು ಕೇಳಿದ್ದು.

"ಅದಕ್ಕೇನಮ್ಮಾ, ಗುತ್ತಿಗೆಯೋರು. ಯಾರಾದ್ರೂ ಸಿಕ್ಕೇ ಸಿಗ್ತಾರೆ."

"ಅವರೂ ಮೀಟಿಂಗಿಗೆ ಬರಬಹುದಾ?"

ಆತ ನಕ್ಕ. "ಮೀಟಿಂಗೇ ಇರಲ್ವಲ್ಲಮ್ಮಾ! ಆ ತಲೆನೋವು ನಮಗೆ ಬಿಡಿ."

ಆ ಮಾತನ್ನು ಅವಳು ಮನಸ್ಸಿನಲ್ಲೇ ಮತ್ತೆ ಹೇಳಿಕೊಂಡಳು. ಯಾರಾದ್ರೂ ಸಿಕ್ಕೇ ಸಿಗ್ತಾರೆ. ತಂಗಿಯೂ ಹಾಗೆ ಸಿಕ್ಕವಳೇ. ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ಎದ್ದು ನಿಲ್ಲುವವಳು. ತಾನು ಕುರ್ಚಿ ಹಾಕಿಕೊಂಡು ಮೇಲ್ವಿಚಾರಣೆ ಮಾಡಬೇಕಾಗಿರುವುದು ಅಂಥವಳನ್ನೇ. ಥೂ, ಎಂದು ತನಗೆ ತಾನೇ ಬೈದುಕೊಂಡಳು. ಬೆಳಗ್ಗಿನ ತೀರ್ಮಾನ ಅಲ್ಲೇ ಕುಸಿಯಿತು. ಅದರಿಂದ ಖುಷಿಯೇನೂ ಆಗಲಿಲ್ಲ, ಸಿಟ್ಟೇ ಬಂತು.

"ನನಗೆ ಸಾಕಾಗಿದೆ," ಎಂದಳು ಎಲ್ಲರನ್ನೂ ನೋಡಿ. "ಸುಳ್ಳು ಯಾಕೆ ಹೇಳ್ಲಿ? ಈ ಮೀಟಿಂಗು ಅಂದ್ರೆ ತಲೆ ಚಿಟ್ಟು ಹಿಡಿಯುತ್ತೆ. ಆದ್ರೆ ಮೇಲಿರೋ ಆ ಫ್ಯಾನು ನೋಡಿ. ಮಾಲೀಕರ ಕಾಲದಲ್ಲಿ ಗಾಳಿ ಇಲ್ಲ, ಉಸಿರು ಕಟ್ಟುತ್ತೆ ಅಂತ ಎಷ್ಟು ಗೋಗರೆದ್ವಿ? ಕಿವಿ ಮೇಲೆ ಹಾಕ್ಕೊಂಡ್ರಾ? ಅವರು ಈ ಬಾಗಿಲು ದಾಟಿದೋರೇ ಅಲ್ಲ. ಲಾಂಡ್ರಿ ನಮ್ಮ ಕೈಗೆ ಬಂದ ತಕ್ಷಣ ಮೊದಲು ತಂದಿದ್ದು ಇದನ್ನೇ. ಯಾಕೆ? ಎಲ್ಲರ ಮೂಗೂ ಇಲ್ಲಿಗೆ ಬರಬೇಕಾಗಿತ್ತು. ನಾಳೆ ಬರೋ ಗುತ್ತಿಗೆಯೋಳು ಫ್ಯಾನು ಕೆಟ್ಟಿದೆ ಅಂದ್ರೆ ಯಾರು ಕೇಳ್ತಾರೆ? ನಾನೇ ಕೇಳಲ್ಲ, ಕುರ್ಚಿ ಮೇಲೆ ಕೂತಿರ್ತೀನಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರಿಗೂ ಸುಸ್ತಾಗಿತ್ತು. ಕಂಪನಿಯವನನ್ನು ಹೊರಗೆ ಕೂರಿಸಿ ಗಾಡಿಯಣ್ಣ ಕೈ ಎತ್ತಿಸಿದ. ಮಡಿಕೆಯಕ್ಕ ಮತ್ತು ಇನ್ನೂ ಕೆಲವರು ಮಾರೋಣ ಎಂದರು. ಬೇಡ ಎಂದವರು ಹೆಚ್ಚಿದ್ದರು. ಆಯಿತು, ಮುಗಿಯಿತು. ಇಸ್ತ್ರಿಯಕ್ಕ ಮತ್ತೆ ಮೂಟೆಗೆ ಬಗ್ಗಲು ಹೋಗಿ, ನೋವಿಗೆ ಹಾಗೇ ನಿಂತುಬಿಟ್ಟಳು.

"ಇನ್ನೊಂದು ವಿಷಯ," ಎಂದ ಬಾಯ್ಲರಣ್ಣ. ಉಬ್ಬಸದ ಮನುಷ್ಯ, ಮಾತೇ ಕಮ್ಮಿ. "ಕೈಲಾಗದೋರನ್ನ ಈ ಪಾಳಿಯಿಂದ ಬಿಡಬೇಕು. ಅವರು ಬೇರೆ ಏನಾದ್ರೂ ಮಾಡ್ಲಿ, ದುಡ್ಡಿನ ಪಾಲಿನಲ್ಲಿ ಕಮ್ಮಿ ಆಗಬಾರ್ದು. ಅಕ್ಕನಿಂದಲೇ ಶುರುವಾಗ್ಲಿ."

"ಆಗಲ್ಲ!" ಎಂದಳು ಅವಳು. "ಒಬ್ಬರಿಗೆ ಬಿಟ್ರೆ ನಾಳೆ ಎಲ್ಲರೂ ಕೇಳ್ತಾರೆ."

"ನಾನು ಕೇಳಿದಾಗ್ಲೂ ನೀವು ಇದೇ ಅಂದಿದ್ರಿ ಅಕ್ಕಾ. ಬಾಯಿಗೆ ಬಟ್ಟೆ ಕಟ್ಕೊಂಡು ನನ್ನ ಪಾಳಿ ಮಾಡ್ದೆ. ಕೆಮ್ಮಿ ಕೆಮ್ಮಿ ಮಾಡ್ದೆ. ನೀವೂ ಹಾಗೇ ಸಾಯ್ಬೇಕು ಅಂತ ನನಗಿಲ್ಲ."

ಅವನ ಕೆಮ್ಮು ಇಷ್ಟು ವರ್ಷ ಅವಳ ಕಿವಿಗೂ ಬೀಳುತ್ತಿತ್ತು.

"ಒಪ್ಪೋರು?" ಎಂದ ಗಾಡಿಯಣ್ಣ. ಕೋಣೆ ತುಂಬ ಕೈಗಳೆದ್ದವು. "ಬೇಡ ಅನ್ನೋರು?" ಕೈಗವಸಿನ ಒಂದೇ ಕೈ ಮೇಲೆ ಹೋಯಿತು, ಇಸ್ತ್ರಿಯಕ್ಕನದು.

"ಅಕ್ಕ ಸೋತ್ರು," ಎಂದ ಗಾಡಿಯಣ್ಣ.

ಆ ಕೋಣೆಯಲ್ಲಿ ಅವಳು ಸೋತದ್ದು ಅದೇ ಮೊದಲು. ಅವಮಾನವೋ ಸಮಾಧಾನವೋ, ಕಣ್ಣಲ್ಲಿ ನೀರು ಬಂದುಬಿಟ್ಟಿತು. ಎತ್ತಿದ ಕೈ ಇಳಿಸುವುದೂ ಮರೆತಿತ್ತು. ಮಡಿಕೆಯಕ್ಕ ಮುಂದೆ ಬಂದು ಆ ಕೈಯಿಂದ ಗವಸು ಎಳೆದುಕೊಂಡಳು.

"ಕೊಡಿ ಇಲ್ಲಿ. ಮಾರಿದ್ರೆ ಈ ಕರ್ಮವೇ ಇರ್ತಿರ್ಲಿಲ್ಲ," ಎಂದು ಗೊಣಗುತ್ತಲೇ ಮೂಟೆ ಬಿಚ್ಚತೊಡಗಿದಳು.

ಸಂಜೆ ಮನೆಗೆ ಬಂದು, "ಸೋತೆ ಕಣೇ," ಎಂದಳು ತಂಗಿಗೆ.

"ಅಯ್ಯೋ, ಮಾರಿಬಿಟ್ರಾ?"

"ಇಲ್ಲ." ನಡೆದದ್ದನ್ನೆಲ್ಲ ಗೋಡೆಗೆ ಒರಗಿಕೊಂಡೇ ಹೇಳಿದಳು. ತಂಗಿ ಊದಿದ ಕಾಲನ್ನು ಒತ್ತಿಕೊಳ್ಳುತ್ತ ಕೇಳಿಸಿಕೊಂಡಳು. "ಹಾಗಾದ್ರೆ ಕೊಳೆಕೋಣೆ ಪಾಳಿಗೆ ಈಗ ಜನ ಕಮ್ಮಿ ಆಯ್ತಲ್ಲ ಅಕ್ಕಾ," ಎಂದಳು. "ನಾನು ಬರಲಾ?"

"ಅದು ನಾತದ ಕೆಲಸ ಕಣೇ."

"ನಾತ ಇರ್ಲಿ ಬಿಡು. ನಿಮ್ಮ ಲಾಂಡ್ರಿಯಲ್ಲಿ ಕೂತು ಊಟ ಮಾಡಬಹುದಾ?"

"ಮಾಡಬಹುದು," ಎಂದಳು ಇಸ್ತ್ರಿಯಕ್ಕ. ಆಮೇಲೆ ನಿಟ್ಟುಸಿರು ಬಿಟ್ಟಳು. "ಆದ್ರೆ ನಾನೊಬ್ಬಳೇ ಹೂಂ ಅನ್ನೋ ಹಾಗಿಲ್ಲ. ನಾಳೆ ಮೀಟಿಂಗ್ ಕರೀಬೇಕು."