ಕುದಿಸುವ ಕೈಗೆ ಹುಳದ ಮನೆ

ಸೌಮ್ಯ ತಾನೇ ಬುಲೆಟ್ ಓಡಿಸಿಕೊಂಡು ಊಟಿಗೆ ಹೋಗುತ್ತಾಳಂತೆ, ಗಂಡ ನಾಗರಾಜು ಹಿಂದೆ ಕೂರುತ್ತಾನಂತೆ ಎಂಬ ಸುದ್ದಿಯನ್ನು ಅತ್ತೆ ಮಾಯಮ್ಮ ಹೇಗೋ ನುಂಗಿಕೊಂಡಿದ್ದಳು. ಅವರು ಬರುವವರೆಗೆ ರೇಷ್ಮೆ ಹುಳದ ಮನೆ ಕಾಯಲು ರಾಮನಗರದಿಂದ ಗುಲ್ಜಾರ್ ಬೀ ಬರುತ್ತಾಳಂತೆ ಎಂದಾಗ ಮಾತ್ರ ತಡೆಯಲಾಗಲಿಲ್ಲ.

“ಹುಳ ಕುದಿಸೋಳ ಕೈಗೆ ಹುಳದ ಮನೆ ಕೊಟ್ಬುಟ್ಟು ಹೋಯ್ತೀಯೇನಮ್ಮಿ?”

“ನೀವು ನೋಡ್ಕೊಳಿ ಅಂದ್ರೆ ಒಲ್ಲೆ ಅಂದ್ರಿ ಅತ್ತೆ. ಇನ್ಯಾರ್ನ ಕರೀಲಿ?”

ಒಲ್ಲೆ ಎಂದರೆ ಊಟಿ ನಿಲ್ಲುತ್ತದೆ ಎಂಬುದು ಮಾಯಮ್ಮನ ಲೆಕ್ಕವಾಗಿತ್ತು. ಅದು ಕೈಕೊಟ್ಟಿತು. ಅವಳಿದ್ದದ್ದು ಪಕ್ಕದಲ್ಲೇ, ದೊಡ್ಡ ಮಗನ ಮನೆಯಲ್ಲಿ. ನಡುವೆ ಒಂದು ಗೋಡೆ. ಆ ಗೋಡೆಗೆ ಕೇಳುವಂತೆಯೇ ಹೇಳಿದಳು: “ಹೋಗು. ಹುಳ ಒಸಿ ಹೆಚ್ಚುಕಮ್ಮಿ ಆಗ್ಲಿ, ಇನ್ನೊಂದ್ಕಿತ ಆ ಗಾಡಿ ಬೀಗದಕೈ ನಿನ್ನ ಕೈಗೆ ಬತ್ತದಾ ನೋಡುವಾ.”

ಸೌಮ್ಯ ಗಂಡನ ಬೆನ್ನ ಹಿಂದೆ ಕೂತು ಮಾಗಡಿ, ಕುಣಿಗಲ್ ಎಲ್ಲ ಸುತ್ತಿ ಸಾಕಾಗಿ, ಕಳೆದ ವರ್ಷ ಕೆರೆ ಏರಿಯ ಮೇಲೆ ಬಿದ್ದು ಎದ್ದು ಗಾಡಿ ಕಲಿತವಳು. ಚಳಿಗಾಲದಲ್ಲಿ ಬೆಟ್ಟ ಹತ್ತಬೇಕೆನ್ನುವುದು ಅವಳ ಹಟ. ಹುಳಗಳು ಅಷ್ಟರಲ್ಲಿ ನಾಲ್ಕನೇ ಜ್ವರ ಎದ್ದಿದ್ದವು. ಪೊರೆ ಬಿಡುವ ಮುಂಚೆ ಹುಳ ಮೇವು ಮುಟ್ಟದೆ ಮಲಗುತ್ತದಲ್ಲ, ಅದನ್ನೇ ನಮ್ಮಲ್ಲಿ ಜ್ವರ ಎನ್ನುವುದು. ನಾಲ್ಕು ದಾಟಿದ ಮೇಲೆ ಹುಳಕ್ಕೆ ಉಳಿಯುವುದು ತಿನ್ನುವ ಕೆಲಸ. ತಿಂದು ಹಣ್ಣಾದರೆ ಗೂಡು ಕಟ್ಟುತ್ತದೆ. ಧನುರ್ಮಾಸದ ಚಳಿಗೆ ಎಲ್ಲವೂ ನಿಧಾನ, ನಾವು ಬಂದ ಮೇಲೆಯೇ ಹಣ್ಣಾಗುವುದು ಎಂದು ನಾಗರಾಜು ಎಣಿಸಿದ್ದ. ಹಿಪ್ಪುನೇರಳೆ ಕಡ್ಡಿ ಕೊಯ್ದು ತಂದು ಬಾಗಿಲಿಗೆ ಹಾಕಲು ಅಣ್ಣತಮ್ಮನ ಸಾಲಿನ ಕೆಂಪರಾಜು ಒಪ್ಪಿದ್ದ. ಒಳಗೆ ಹರಡುವುದು, ಚಳಿ ತಾಗದಂತೆ ನೋಡಿಕೊಳ್ಳುವುದು, ಇಷ್ಟೇ ಗುಲ್ಜಾರ್ ಬೀ ಪಾಲಿಗೆ.

ಗುಲ್ಜಾರ್ ಬೀ ರೀಲರ್ ಮನೆಯವಳು. ಮದುವೆಯಾಗಿ ಬಂದಾಗಿನಿಂದ ಬಿಸಿನೀರಿನಲ್ಲಿ ಗೂಡು ಬೇಯಿಸಿ ನೂಲು ಬಿಚ್ಚಿದ್ದಾಳೆ. ಗಂಡ ತೀರಿಕೊಂಡ ಮೇಲೂ ಒಲೆ ಆರಿಸದೆ ನಡೆಸಿ, ಈಗ ಮಗ ವಜೀರಾನಿಗೆ ಒಪ್ಪಿಸಿದ್ದಾಳೆ. ಸೌಮ್ಯಳ ಪರಿಚಯವಾದದ್ದೂ ಗೂಡಿನಿಂದಲೇ. ಒಮ್ಮೆ ಅವಳ ಗೂಡು ಕೊಂಡುಕೊಂಡು ಹೋದವಳು, ಮುಂದಿನ ವಾರ ಮಾರ್ಕೆಟ್ಟಿನಲ್ಲೆಲ್ಲ ಹುಡುಕಿಕೊಂಡು ಬಂದಿದ್ದಳು. ಏನೋ ತಕರಾರು ಎಂದು ಸೌಮ್ಯ ಹೆದರಿದ್ದರೆ, “ಎಷ್ಟು ಚೆನ್ನಾಗಿ ಬಿಚ್ಚಿಕೊಳ್ತಮ್ಮಾ ನಿನ್ನ ಗೂಡು! ಹೇಳಿ ಹೋಗೋಣಾಂತ ಬಂದೆ” ಎಂದಿದ್ದಳು. ಅಂದಿನಿಂದ ಗುಲ್ಜಾರಕ್ಕ.

ಆದರೆ ಗುಲ್ಜಾರಕ್ಕ ಜೀವಂತ ಹುಳದ ಮನೆಯೊಳಗೆ ಕಾಲಿಟ್ಟದ್ದು ಇದೇ ಮೊದಲು.

ಬುಲೆಟ್ ಸದ್ದು ಊರಾಚೆ ಸರಿದ ಮೇಲೆ ಕೆಂಪರಾಜು ಕಡ್ಡಿ ಹೊರೆ ಇಳಿಸಿದ. ಇವಳು ಹರಡಿದಳು. ಸ್ವಲ್ಪ ಹೊತ್ತಿಗೆ ಚರಚರ ಶುರುವಾಯಿತು. ಮದುವೆ ಮನೆಯಲ್ಲಿ ಹಸಿದ ಮೊದಲ ಪಂಕ್ತಿ ಮಾತಿಲ್ಲದೆ ಉಣ್ಣುವ ಸದ್ದು. ಗುಲ್ಜಾರ್ ಬೀಗೆ ನಗು ಬಂತು. “ತಿನ್ರಪ್ಪಾ, ನಾಚಿಕೆ ಬೇಡ, ಇನ್ನೂ ಐತೆ” ಎಂದಳು.

“ಹುಳದ ಜೊತೆ ಮಾತಾಡ್ತೀರಲ್ಲಾ ಬೀಬಮ್ಮಾ,” ಎಂದ ಕೆಂಪರಾಜು.

“ನಿನ್ನ ಜೊತೆ ಮಾತಾಡಿದ್ರೆ ನೀನು ತಿರುಗಿ ಮಾತಾಡ್ತೀಯಾ. ಅವು ತೆಪ್ಪಗೆ ಕೇಳ್ತವೆ.”

ಸಂಜೆ ಚಳಿ ಇಳಿಯಿತು. ಅಗ್ಗಿಷ್ಟಿಕೆಗೆ ಇದ್ದಿಲು ಹಾಕಿ ಕೆಂಡ ಮಾಡಿದಳು. ಬೆಂಕಿಯ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೊಗೆ ಹೋಗಲು ಮೇಲಿನ ಕಿಟಕಿ ಬಿಟ್ಟು ಉಳಿದದ್ದಕ್ಕೆಲ್ಲ ಗೋಣಿ ಕಟ್ಟಿದಳು. ‘ಹುಳ ಕುದಿಸೋಳು’ ಎಂಬ ಮಾತು ಗೋಡೆ ದಾಟಿ ಅವಳ ಕಿವಿಗೂ ಬಿದ್ದಿತ್ತು. ಒಂದು ಹುಳವೂ ನಡುಗಬಾರದು ಎಂದು ಕೆಂಡ ಕೆದಕಿದಳು. ಬೆಳಿಗ್ಗೆ ಕೆದಕಿದಳು. ಮಧ್ಯಾಹ್ನ ಬಿಸಿಲಿದ್ದರೂ ಕೆದಕಿದಳು. ಹುಳಗಳು ಬೇಸಿಗೆ ಬಂತೆಂದುಕೊಂಡು ತಿಂದದ್ದೇ ತಿಂದದ್ದು. ಕೆಂಪರಾಜುವಿಗೆ ಕಡ್ಡಿ ಹೊತ್ತು ಹೊತ್ತು ಹೆಗಲು ಕೆಂಪಗಾಯಿತು.

ಮೂರನೆಯ ಬೆಳಿಗ್ಗೆ ಒಳಗೆ ಹೋದರೆ ಸದ್ದೇ ಇಲ್ಲ. ಹಾಕಿದ ಸೊಪ್ಪು ಹಾಗೇ ಇದೆ. ಹುಳಗಳು ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿವೆ, ಕೆಲವು ಅಂಚಿಗೆ ಹರಿದು ಹೊರಟಿವೆ. ಮೈಯೆಲ್ಲ ಎಣ್ಣೆ ಕಾಗದದ ಹಾಗೆ.

“ಯಾ ಅಲ್ಲಾ, ಕೊಂದೆ!” ಎಂದು ಅಲ್ಲೇ ಕೂತಳು.

ಅದೇ ಹೊತ್ತಿಗೆ ಫೋನು.

“ಗುಲ್ಜಾರಕ್ಕಾ! ಕೇಳ್ತಾ ಐತಾ? ನೆನ್ನೆ ಮೂವತ್ತಾರು ತಿರುವೂ ನಾನೇ ಹತ್ತಿಸ್ದೆ ಕಣಕ್ಕಾ! ಒಂದು ಕಡೇನೂ ಕಾಲು ಊರಲಿಲ್ಲ. ಮಂಜು ಹೆಂಗದೆ ಅಂದ್ರೆ ನನ್ನ ಕೈಗವಸೇ ನನಗೆ ಕಾಣಲ್ಲ!”

ಹಿಂದಿನಿಂದ ನಾಗರಾಜುವಿನ ದನಿ: “ಮನೆದೇವ್ರಿಂದ ಶುರು ಮಾಡಿ ಗೊತ್ತಿರೋ ದೇವ್ರೆಲ್ಲಾ ಮುಗಿಸ್ಬುಟ್ಟೆ ಕಣಕ್ಕಾ. ಕಡೇ ತಿರುವಿಗೆ ಒಂದು ದೇವ್ರೂ ಉಳಿದಿರ್ಲಿಲ್ಲ!”

“ಹುಳ ಹೆಂಗವೆ ಅಕ್ಕಾ?”

ಗುಲ್ಜಾರ್ ಬೀ ಬಾಯಿ ತೆರೆದಳು. ಇದ್ದದ್ದು ಹೇಳಿದರೆ ಇವರು ಈಗಲೇ ಗಾಡಿ ತಿರುಗಿಸುತ್ತಾರೆ. ಹೇಗೆ ಬಂದರೂ ಇಲ್ಲಿ ಮುಟ್ಟುವಾಗ ಕತ್ತಲಾಗುತ್ತದೆ. ಮತ್ತೆ ಆ ಗಾಡಿಯ ಬೀಗದಕೈ ಸೌಮ್ಯಳಿಗೆ ಸಿಗುವುದಿಲ್ಲ.

“ಹೊಟ್ಟೆ ತುಂಬಾ ತಿಂದವೆ ಕಣಮ್ಮಾ. ನೀನು ರಸ್ತೆ ನೋಡ್ಕೊಂಡು ಓಡ್ಸು,” ಎಂದು ಫೋನಿಟ್ಟು ನೇರ ಪಕ್ಕದ ಮನೆಗೆ ಹೋದಳು.

ಮಾಯಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. “ಏನು ಬೂಬಮ್ಮಾ, ಬೆಂದ್ವಾ?”

“ನೀವೇ ಬಂದು ನೋಡಿ.”

ಸೊಸೆ ಬರುವ ತನಕ ಆ ಹುಳದ ಮನೆ ಮೆಟ್ಟುವುದಿಲ್ಲ ಎಂದಿದ್ದವಳು ಹೊಸ್ತಿಲಾಚೆಯೇ ನಿಂತು ಕತ್ತು ಚಾಚಿದಳು. ಮರುಗಳಿಗೆ ಕೈ ತಲೆಯ ಮೇಲೆ ಹೋಯಿತು. “ಅಯ್ಯೋ ನಿನ್ನ! ಸತ್ತಿಲ್ಲ ಕಣವ್ವಾ, ಹಣ್ಣಾಗವೆ! ಅದೇನು ಕೆಂಡ ಹಾಕಿದ್ಯೇ, ಬಾಣಂತಿ ಮನೆ ಮಾಡಿಟ್ಟಿದ್ದೀಯಲ್ಲಾ! ಇವತ್ತೇ ಚಂದ್ರಿಕೆಗೆ ಬಿಡ್ಬೇಕು, ಇಲ್ಲಾಂದ್ರೆ ಸೊಪ್ಪಲ್ಲೇ ಕಟ್ಕೊತವೆ.”

ಚಂದ್ರಿಕೆ ಎಂದರೆ ಹುಳ ಗೂಡು ಕಟ್ಟಲೆಂದು ಸುರುಳಿ ಸುತ್ತಿ ಹೆಣೆದ ಬಿದಿರ ತಟ್ಟೆ. ಅವೆಲ್ಲ ಅಟ್ಟದ ಮೇಲಿದ್ದವು.

ಇಷ್ಟು ಹೇಳಿದ ಮಾಯಮ್ಮ ಹೊಸ್ತಿಲು ದಾಟದೆ ಅಲ್ಲೇ ನಿಂತಳು. ಮನೆಗೆ ಹೋಗಿ ಅವರೆಕಾಯಿ ಸುಲಿದರೆ ಗೂಡು ಕೆಟ್ಟು ಅವಳ ಮಾತೇ ಗೆಲ್ಲುತ್ತಿತ್ತು. ಗುಲ್ಜಾರ್ ಬೀಗೂ ಅದು ತಿಳಿಯಿತು.

“ನಾನು ಕುದಿಸೋಳೇ ಮಾಯಮ್ಮೋರೇ, ಸುಳ್ಳೇನಲ್ಲ. ಸೊಪ್ಪಿನ ಮೇಲೆ ಕಟ್ಟಿದ ಗೂಡು, ಎರಡು ಹುಳ ಸೇರಿ ಕಟ್ಟಿದ ಗೂಡು, ಅವನ್ನ ಬೇರೆಯೋರ ಲಾಟಲ್ಲಿ ಆರಿಸಿ ಆರಿಸಿ ಬಿಸಾಕಿದ್ದೀನಿ. ನಿಮ್ಮ ಮನೆ ಲಾಟಲ್ಲಿ ಒಂದ್ಸಲಾನೂ ಬಿಸಾಕಿಲ್ಲ. ಇವತ್ತು ಬಿಸಾಕೋ ಹಂಗೆ ಮಾಡ್ಬೇಡಿ.”

ಮಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹೊಸ್ತಿಲು ದಾಟುತ್ತ ಹೊರಗೆ ಕೂಗಿದಳು: “ಲೇ ಕೆಂಪರಾಜು! ಎಲ್ಲಿ ಸತ್ತ್ಯೋ? ಅಟ್ಟದ ಮೇಲಿರೋ ಚಂದ್ರಿಕೆ ಇಳಿಸ್ಲಾ!”

ಆಮೇಲೆ ನಡೆದದ್ದು ಕೆಲಸಕ್ಕಿಂತ ಹೆಚ್ಚು ಜಗಳ. ಮಾಯಮ್ಮ ಬೊಗಸೆ ಬೊಗಸೆ ಹಣ್ಣು ಹುಳ ತಂದು ಸುರಿಯುವುದು, ಗುಲ್ಜಾರ್ ಬೀ ಹಿಂದೆಯೇ ಬಂದು ಬಿಡಿಸಿ ಬಿಡಿಸಿ ದೂರ ಇಡುವುದು.

“ಇಷ್ಟಿಷ್ಟೇ ಬಿಟ್ರೆ ಚಂದ್ರಿಕೆ ಎಲ್ಲಿ ಸಾಲ್ತದೆ?”

“ಒತ್ತಾಗಿ ಬಿಟ್ರೆ ಜೋಡಿ ಗೂಡು. ಜೋಡಿ ಗೂಡಲ್ಲಿ ಎಳೆ ಸಿಗಲ್ಲ.”

“ನಮ್ಮತ್ತೆ ಕಾಲ್ದಿಂದ ಹಿಂಗೇ ಬಿಡ್ತಿರೋದು.”

“ನಿಮ್ಮತ್ತೆ ಗೂಡು ನಮ್ಮತ್ತೆ ಬಿಚ್ಚಿದ್ಳೇನೋ. ಪಾಪ, ಏನೇನು ಬೈದಿದ್ಳೋ!”

ಮಾಯಮ್ಮ ಗುರಾಯಿಸಿ ನೋಡಿದಳು. ನೋಡುತ್ತಲೇ ಕಿಸಕ್ಕನೆ ನಕ್ಕಳು. ಚಂದ್ರಿಕೆ ಸಾಲದೆ ಹೋದಾಗ ಅವಳೇ ದೊಡ್ಡ ಮಗನ ಮನೆಯ ಚಂದ್ರಿಕೆಗಳನ್ನು ಹೊರಿಸಿಕೊಂಡು ಬಂದಳು. ಹೊತ್ತು ಮುಳುಗುವಷ್ಟರಲ್ಲಿ ಕೊನೆಯ ಹುಳವೂ ಏರಿತು. ಮಂಜಿನ ತೇವ ಬಾಗಿಲಿಗೆ ಬಂದಾಗ ಗುಲ್ಜಾರ್ ಬೀ ಕೆಂಡದ ಕಡೆ ಹೋಗಲು ಹಿಂಜರಿದಳು.

“ಹಾಕು ಗುಲ್ಜಾರವ್ವಾ, ಈಗ ಹಾಕು,” ಎಂದಳು ಮಾಯಮ್ಮ. “ಗೂಡು ಕಟ್ಟೋವಾಗ ತೇವ ಆಗಬಾರ್ದು. ನೆನ್ನೆ ಮೊನ್ನೆ ಮಾಡಿದ್ದು ಹೆಡ್ಡತನ. ಇವತ್ತು ಅದೇ ಕೆಲಸ.”

ಅಲ್ಲಿಂದ ಮೂರನೇ ದಿನ ಬುಲೆಟ್ ಬಂದು ನಿಂತಿತು. ಸೌಮ್ಯಳ ಮುಖದಲ್ಲಿ ಹೆಲ್ಮೆಟ್ಟಿನ ಗೆರೆ, ತುಟಿಯೆಲ್ಲ ಒಡೆದು ಹೋಗಿದೆ. ಚೀಲ ಇಳಿಸದೆ ಹುಳದ ಮನೆಗೆ ಓಡಿ ಬಾಗಿಲಲ್ಲೇ ನಿಂತಳು. ಚಂದ್ರಿಕೆಯ ಸುರುಳಿ ಸುರುಳಿಯಲ್ಲೂ ಹಳದಿ ಗೂಡು, ಒಂದಕ್ಕೊಂದು ತಾಗದ ಹಾಗೆ.

“ಅಕ್ಕಾ, ಫೋನಲ್ಲಿ ಒಂದು ಮಾತೂ ಹೇಳ್ಲಿಲ್ವಲ್ಲಾ!”

“ತಿರುವು ಹೊಡೆಯೋಳಿಗೆ ಹಿಂದಿಂದ ಕೂಗಬಾರ್ದು,” ಎಂದಳು ಗುಲ್ಜಾರ್ ಬೀ. ನಾಗರಾಜು ಬೆಪ್ಪಾಗಿ ಅವ್ವನ ಮುಖ ನೋಡಿದ. ಅವ್ವ ಗಾಡಿಯನ್ನು ನೋಡುತ್ತಿದ್ದಳು. “ಇಷ್ಟು ಕೆಸರು ಮಾಡ್ಕಂಡು ಬಂದಿದ್ದೀರಾ. ತೊಳೀರಿ ಮೊದ್ಲು,” ಎಂದಳು. ಬೀಗದಕೈ ಕೇಳಲಿಲ್ಲ.

ಗೂಡು ಬಿಡಿಸುವ ತನಕ ಗುಲ್ಜಾರ್ ಬೀ ಊರಿಗೆ ಹೊರಡಲಿಲ್ಲ. ರಾಮನಗರದ ಮಾರ್ಕೆಟ್ಟಿಗೆ ಹೆಂಗಸರು ಮೂವರೂ ಹೋದರು; ಮಾಯಮ್ಮ ಎಷ್ಟೋ ವರ್ಷದ ಮೇಲೆ ಹೊಸ ಸೀರೆ ಉಟ್ಟು ಬಂದಿದ್ದಳು. ಗೂಡು ಸುರಿದು ರೈತರ ಕಡೆ ನಿಂತರು. ಗುಲ್ಜಾರ್ ಬೀ ಆ ಕಡೆ ನಿಂತದ್ದು ಅದೇ ಮೊದಲು. ಎದುರಿನಿಂದ ಬಂದ ಮಗ ವಜೀರಾ ಒಂದು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಇನ್ನೊಂದು ಎತ್ತಿ ಹಿಚುಕಿ ನೋಡಿದ. ಆಮೇಲೆ ತಲೆ ಎತ್ತಿದ.

“ಅಮ್ಮಾ! ಆ ಕಡೆ ಯಾಕೆ ನಿಂತೆ? ಈ ಕಡೆ ಬಾ, ಈ ಲಾಟು ನೋಡಿ ಹೇಳು.”

“ನಾನು ಹೇಳಲ್ಲ. ಸಾಕಿದೋಳು ತಾನೇ ಹೊಗಳಬಾರ್ದು.”

ಅಕ್ಕಪಕ್ಕದ ರೀಲರುಗಳು ತಿರುಗಿ ನೋಡಿದರು. ಗುಲ್ಜಾರ್ ಬೀ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. ಮಾಯಮ್ಮನಿಗೆ ತಡೆಯಲಾಗಲಿಲ್ಲ.

“ನಾನು ಹೇಳ್ತೀನಿ ಕೇಳಪ್ಪಾ. ಇವ್ಳು ನಮ್ಮ ಸೊಸೆ. ಬುಲೆಟ್ ಏರಿ ಊಟಿ ಬೆಟ್ಟ ಹತ್ತಿಸಿ ಬಂದವ್ಳೆ, ಒಂದು ಕಡೇನೂ ಕಾಲು ಊರಿಲ್ಲ. ಮುಂದಿನ ಚಳೀಗೂ ಹೋಯ್ತಾಳೆ. ಆವಾಗ ನಿಮ್ಮವ್ವನ್ನ ಕಳಿಸ್ಕೊಡ್ಬೇಕು, ಈಗ್ಲೇ ಹೇಳಿವ್ನಿ. ಇನ್ನು ಈ ಗೂಡು ತಗಂಡ್ರೆ ಒಲೆ ಹದವಾಗಿಟ್ಟು ಬಿಚ್ಚು. ಎಳೆ ಗಿಳೆ ಕಡೀತು ಅಂದ್ರೆ ತಪ್ಪು ನಿಂದು ಕಣಪ್ಪಾ, ನಮ್ಮ ಗೂಡ್ದಲ್ಲ.”